ಖರ್ಚು ಸಹಿತ

ಫೆಬ್ರವರಿ ೩, ಸೋಮವಾರ

ಗೆದ್ದೆ. ಮೂರು ವರ್ಷ ಎಳೆದಾಡಿದ ದಾವೆ ಇವತ್ತು ಬೆಳಗ್ಗೆ ಒಂದು ಲೋಟ ಚಹಾ ಆರುವಷ್ಟರಲ್ಲಿ ವಜಾ ಆಯಿತು. ಅಂಗಡಿ ನನ್ನದೇ. ಅಮ್ಮ ಬುದ್ಧಿ ನೆಟ್ಟಗಿರುವಾಗಲೇ, ಯಾರ ಒತ್ತಾಯವೂ ಇಲ್ಲದೆ, ಹೊಲಿಗೆಯಂಗಡಿಯನ್ನು ಕಿರಿಮಗಳ ಹೆಸರಿಗೆ ಉಯಿಲು ಬರೆದಿದ್ದಾಳೆ ಎಂದು ನ್ಯಾಯಾಧೀಶರು ಓದಿದರು. ಅರ್ಧ ಕೇಳಿಸಿತು, ಇನ್ನರ್ಧ ನಮ್ಮ ವಕೀಲರ ಮುಖ ನೋಡಿ ತಿಳಿದುಕೊಂಡೆ. ಮೂವತ್ತು ವರ್ಷ ಮಷೀನಿನ ಮೇಲೆ ಬಗ್ಗಿ ಕೂತವಳ ಕಿವಿ ಇನ್ನೆಷ್ಟು ಚುರುಕಾಗಿದ್ದೀತು.

ಈ ಪುಸ್ತಕ ಇವತ್ತೇ ಶುರುಮಾಡಿದ್ದು. ಮನೆಯಲ್ಲಿ ನಾನೊಬ್ಬಳೇ, ಯಾರಿಗಾದರೂ ಹೇಳದಿದ್ದರೆ ಹೊಟ್ಟೆ ಒಡೆದುಹೋಗುತ್ತದೆ. ಒಂದು ನಿಯಮ ಮಾಡಿಕೊಂಡಿದ್ದೇನೆ. ದಾವೆ ಹಾಕಿದವಳನ್ನು ಕೋರ್ಟಿನವರು ಕರೆಯುವ ಹಾಗೆಯೇ ಇಲ್ಲಿಯೂ ಕರೆಯುತ್ತೇನೆ: ವಾದಿ. ಇನ್ನೊಂದು ಶಬ್ದ ಇದೆ, ಎರಡೇ ಅಕ್ಷರದ್ದು. ಅದನ್ನು ಬರೆಯುವುದಿಲ್ಲ. ನಾವಿಬ್ಬರೂ ಒಂದೇ ತಾಯಿಯ ಮಕ್ಕಳು ಎಂಬುದು ಸರಕಾರಿ ಕಾಗದದಲ್ಲಿ ಇದ್ದರೆ ಸಾಕು.

ವಾದಿ ಏನೆಂದು ಬರೆದುಕೊಟ್ಟಿದ್ದಳು? "ಕಾಯಿಲೆಯಿಂದ ಮಲಗಿದ್ದ ತಾಯಿಯ ಕೈ ಹಿಡಿದು ಪ್ರತಿವಾದಿಯು ರುಜು ಹಾಕಿಸಿಕೊಂಡಿದ್ದಾಳೆ." ಪ್ರತಿವಾದಿ ಅಂದರೆ ನಾನು. ಅಮ್ಮನಿಗೆ ಉಣಿಸಿದ್ದು, ಮೀಯಿಸಿದ್ದು, ಮಗ್ಗುಲು ಬದಲಿಸಿದ್ದು ಇದೇ ಕೈ. ಪಾಟೀ ಸವಾಲಿನಲ್ಲಿ ನಮ್ಮ ವಕೀಲರು ಹಿಡಿದು ಕೇಳಿದಾಗ ಅವಳು ಕೊಟ್ಟ ಉತ್ತರ ಇನ್ನೂ ಚೆನ್ನ. "ಅದು ವಕೀಲ್ರು ಬರ್ದಿದ್ದು. ನಾನು ಬರೀ ರುಜು ಹಾಕ್ದೆ." ಆಹಾ! ಮಹಾತಾಯಿಗೆ ಓದಲು ಬರುವುದಿಲ್ಲ, ಪಾಪ. ದಿನಾ ಬೆಳಗ್ಗೆ ಪೇಪರನ್ನು ಜಾಹೀರಾತು ಸಮೇತ ಓದುತ್ತಿದ್ದವಳು ಯಾರೋ.

ದಾವೆ ಮುಗಿಯುವವರೆಗೆ ಅಂಗಡಿಯಲ್ಲಿ ಇದ್ದದ್ದು ಇದ್ದ ಹಾಗೇ ಇರಲಿ ಎಂದು ಕೋರ್ಟು ಮೊದಲೇ ಹೇಳಿತ್ತು. ಹಾಗಾಗಿ ಮೂರು ವರ್ಷವೂ ಅವಳು ಆ ಮೇಜಿನಲ್ಲಿ ಕತ್ತರಿಸುವುದು, ನಾನು ಈ ಮಷೀನಿನಲ್ಲಿ ಹೊಲಿಯುವುದು. ಮಾತಿಲ್ಲ ಕತೆಯಿಲ್ಲ. ಕತ್ತರಿಸಿದ ಬಟ್ಟೆಯನ್ನು ಸುತ್ತಿ ನಡುವಿನ ಸ್ಟೂಲಿನ ಮೇಲೆ ಇಡುತ್ತಿದ್ದಳು, ನಾನು ಎತ್ತಿಕೊಳ್ಳುತ್ತಿದ್ದೆ. ಇವತ್ತು ಕೋರ್ಟಿನಿಂದ ನೇರ ಅಂಗಡಿಗೆ ಬಂದು ತನ್ನ ದೊಡ್ಡ ಕತ್ತರಿ, ಅಳತೆ ಟೇಪು, ಚಾಕಿನ ಡಬ್ಬಿ ಚೀಲಕ್ಕೆ ಹಾಕಿಕೊಂಡು ಹೋದಳು. ಬೀಗದ ಕೈ ಸ್ಟೂಲಿನ ಮೇಲಿಟ್ಟಳು. ಅಲ್ಲಿ ಅವಳೇ ಕತ್ತರಿಸಿದ ಒಂದು ಕೋಟು ಇನ್ನೂ ಹೊಲಿಯದೆ ಬಿದ್ದಿದೆ. ಬಿದ್ದಿರಲಿ, ನಾನು ಮುಟ್ಟುವುದಿಲ್ಲ.

ಒಂದು ಕೊರಗು ಉಳಿಯಿತು. ತೀರ್ಪಿನ ಕೊನೆಗೆ ದಾವೆಯನ್ನು "ಖರ್ಚು ಸಹಿತ" ವಜಾ ಮಾಡಿದೆ ಎಂದು ಬರುತ್ತದೆ, ಅಂದರೆ ನನ್ನ ಕೋರ್ಟಿನ ಖರ್ಚನ್ನು ಅವಳು ಕೊಡಬೇಕಾಗುತ್ತದೆ ಎಂದು ಕಾದು ಕೂತಿದ್ದೆ. ಬರಲಿಲ್ಲ. "ಖರ್ಚಿನ ವಿಷಯ ಬೇರೆಯಾಗಿ ಕೇಳ್ತೀನಿ" ಎಂದು ನ್ಯಾಯಾಧೀಶರು ಮಾರ್ಚ್ ಹನ್ನೆರಡಕ್ಕೆ ಹಾಕಿದರು.

ಫೆಬ್ರವರಿ ೬, ಗುರುವಾರ

ವಕೀಲರ ಆಫೀಸಿಗೆ ಹೋಗಿದ್ದೆ. ಮೆಟ್ಟಿಲು ಬಲು ಕಡಿದಾಗಿದೆ, ಬಂದವರಿಗೆ ಕೊಡುವ ಕುರ್ಚಿಗೆ ಒಂದು ಕಾಲು ಗಿಡ್ಡ. ವಕೀಲರು ಒಳ್ಳೆಯವರು. ಎಲ್ಲವನ್ನೂ ಎರಡೆರಡು ಸಲ ಹೇಳುತ್ತಾರೆ, ಎರಡನೇ ಸಲ ಕೂಗಿ.

"ನೋಡಿಮ್ಮ, ಸೋತವರು ಗೆದ್ದವರ ಖರ್ಚು ಕೊಡ್ಬೇಕು. ಅದು ಸಾಮಾನ್ಯ ನಿಯಮ. ಆದ್ರೆ ಕೊಡಿಸೋದು ಬಿಡೋದು ಜಡ್ಜ್ ಕೈಲಿದೆ. ಯಾರು ಹೇಗೆ ನಡ್ಕೊಂಡ್ರು, ಸುಮ್‌ಸುಮ್ನೆ ಎಳೆದಾಡಿದ್ರಾ, ರಾಜಿಗೆ ಕರೆದಾಗ ಬಂದ್ರಾ, ಎಲ್ಲಾ ನೋಡ್ತಾರೆ. ಬೇಡ ಅನ್ನಿಸಿದ್ರೆ ಕಾರಣ ಬರೆದು ಬಿಟ್ಟುಬಿಡ್ತಾರೆ."

"ನಮ್ಮ ಕೇಸಲ್ಲಿ ಏನು ಕಾರಣ ಇದೆ?"

"ಒಂದೇ. ನೀವು ಒಡಹುಟ್ಟಿದವರು. ಅಂಥ ಕೇಸಲ್ಲಿ ಸಂಬಂಧ ನೋಡಿ, ಅವರವರ ಖರ್ಚು ಅವರವರೇ ಹೊತ್ಕೊಳ್ಳಲಿ ಅಂತ ಬರೆದು ಮುಗಿಸ್ತಾರೆ. ಇನ್ನೂ ಹಗೆ ಬೆಳೆಯೋದು ಬೇಡ ಅಂತ."

ಹಗೆ ಬೆಳೆಯಲು ಇನ್ನು ಜಾಗವೆಲ್ಲಿದೆ ಎಂದು ಕೇಳಿದೆ. ಕೋರ್ಟಿಗೆ ಬಂದ ದಿನವೆಲ್ಲ ಅಂಗಡಿ ಬಾಗಿಲು ಹಾಕಿದ್ದು ಖರ್ಚಿಗೆ ಸೇರುತ್ತದೆಯೇ ಎಂದೆ. ಇಲ್ಲವಂತೆ. ನಿದ್ದೆ ಕೆಟ್ಟದ್ದು ಎಂದೆ. ನಕ್ಕರು.

"ಕೋರ್ಟಿನ ಖರ್ಚು ಅಂದ್ರೆ ಕೋರ್ಟು ಒಪ್ಪೋ ಖರ್ಚು ಅಷ್ಟೇ. ಶುಲ್ಕ, ಸಾಕ್ಷಿ ಬಂದುಹೋದ ಭತ್ಯೆ, ಇಂಥವು. ನನ್ನ ಫೀಸೇ ಪೂರ್ತಿ ಬರಲ್ಲ. ಅದಕ್ಕೂ ಒಂದು ಮಿತಿ ಇಟ್ಟಿದಾರೆ."

ನನಗೆ ಅವಳ ದುಡ್ಡು ಬೇಡ. ಒಂದು ಗುಂಡಿಯ ಬೆಲೆಯಷ್ಟೇ ಕೊಡಿಸಲಿ, ಆದರೆ "ಖರ್ಚು ಸಹಿತ" ಎಂಬ ಆ ಎರಡು ಶಬ್ದ ತೀರ್ಪಿನಲ್ಲಿರಬೇಕು. ಅಮ್ಮನ ಕೈ ಹಿಡಿದು ರುಜು ಹಾಕಿಸಿದಳು ಎಂಬ ಮಾತು ಸುಳ್ಳು ಎಂದು ನನಗೆ ಬರೆದುಕೊಟ್ಟ ಹಾಗಾಗುತ್ತದೆ. ಖರ್ಚಿಗೆ ಅರ್ಜಿ ಹಾಕಿ ಎಂದು ಹೇಳಿ ಬಂದೆ.

ಫೆಬ್ರವರಿ ೧೧, ಮಂಗಳವಾರ

ಕತ್ತರಿಸಲು ಒಬ್ಬ ಮಾಸ್ಟರನ್ನು ಇಟ್ಟುಕೊಂಡೆ. ದೊಡ್ಡ ಅಂಗಡಿಗಳಲ್ಲಿ ಕೆಲಸ ಮಾಡಿ ಬಂದವನು, ಕೈ ಚೊಕ್ಕ, ಗೆರೆ ನೆಟ್ಟಗೆ. ಬಾಯಿ ಮಾತ್ರ ನಿಲ್ಲುವುದಿಲ್ಲ. ಬಂದ ದಿನವೇ "ಅಕ್ಕಾ, ಫ್ಯಾನು ಹಾಕ್ಲಾ? ಅಕ್ಕಾ, ಚಾಕ್ ಎಲ್ಲಿ?" ಎಂದು ಶುರು.

"ಅಕ್ಕ ಗಿಕ್ಕ ಅನ್ಬೇಡಪ್ಪ" ಎಂದೆ.

"ಮತ್ತೇನಂತ ಕರೀಲಿ?"

"ಮೇಡಂ ಅನ್ನು."

ಹೊಲಿಗೆಯಂಗಡಿಯ ಮೇಡಂ. ಅವನ ಬಾಯಲ್ಲಿ ಕೇಳಿ ನನಗೇ ನಗು ಬಂತು.

ಫೆಬ್ರವರಿ ೧೫, ಶನಿವಾರ

ಎರಡು ಅಂಗಿ ವಾಪಸು ಬಂದವು. ಬಿಗಿಯಂತೆ. ಮಾಸ್ಟರನ್ನು ತರಾಟೆಗೆ ತೆಗೆದುಕೊಂಡೆ. ಟೇಪು ತಂದು ನನ್ನ ಮುಂದೆಯೇ ಅಳೆದು ತೋರಿಸಿದ. ಕಟ್ ಸರಿಯಾಗೇ ಇದೆ. ಹಾಗಾದರೆ ಗಿರಾಕಿಗಳು ಊದಿಕೊಂಡಿರಬೇಕು ಎಂದೆ. "ಇಬ್ಬರೂ ಒಂದೇ ವಾರದಲ್ಲೇನಾ ಮೇಡಂ?" ಎಂದ.

ಫೆಬ್ರವರಿ ೧೯, ಬುಧವಾರ

ನಮ್ಮ ಅರ್ಜಿಗೆ ಅವಳ ಕಡೆಯಿಂದ ತಕರಾರು ಬಂದಿದೆ. ವಕೀಲರು ಓದಿ ಹೇಳಿದರು. "ವಾದಿ ಮತ್ತು ಪ್ರತಿವಾದಿ ಸಹೋದರಿಯರಾಗಿದ್ದು, ಸದರಿ ರಕ್ತಸಂಬಂಧವನ್ನು ಗಮನಿಸಿ, ಉಭಯ ಪಕ್ಷಕಾರರು ತಮ್ಮ ತಮ್ಮ ಖರ್ಚನ್ನು ತಾವೇ ಭರಿಸುವಂತೆ ಆದೇಶಿಸಬೇಕೆಂದು ಪ್ರಾರ್ಥನೆ."

ಮೈಯೆಲ್ಲ ಉರಿದುಹೋಯಿತು. ಮೂರು ವರ್ಷ ಒಂದು ಸ್ಟೂಲಿನ ಆಚೆ ಈಚೆ ಕೂತಿದ್ದೆವು. ನನಗೆ ಜ್ವರ ಬಂದು ಮಷೀನಿನ ಮೇಲೆ ತಲೆಯಿಟ್ಟು ಮಲಗಿದ ದಿನವೂ ಅವಳ ಬಾಯಿಂದ ಒಂದು ಶಬ್ದ ಬರಲಿಲ್ಲ. ಕಿಟಕಿ ಮಾತ್ರ ಮುಚ್ಚಿದಳು, ತನಗೇ ಚಳಿಯಾಯಿತೇನೋ. ಈಗ ದುಡ್ಡು ಕಟ್ಟುವ ಹೊತ್ತಿಗೆ ರಕ್ತಸಂಬಂಧ ಜ್ಞಾಪಕಕ್ಕೆ ಬಂತು!

ಇದಕ್ಕೆ ಉತ್ತರ ಬರೆಯಬೇಕು, ಚೆನ್ನಾಗಿ ಬರೆಯಿರಿ ಎಂದೆ. ಕುರ್ಚಿ ಒಂದು ಕಡೆಗೆ ವಾಲಿತು, ಅಷ್ಟು ಜೋರಾಗಿ ಹೇಳಿದೆ.

ಫೆಬ್ರವರಿ ೨೧, ಶುಕ್ರವಾರ

ಆ ಉತ್ತರದ ಪ್ರಮಾಣಪತ್ರಕ್ಕೆ ರುಜು ಹಾಕಿ ಬಂದೆ. ಮೂರು ಪುಟ. ಕೊನೆಯ ಪುಟದಲ್ಲಿ ಹೀಗಿದೆ: "ವಾದಿಗೂ ನನಗೂ ಈಗ ಯಾವುದೇ ಸಂಬಂಧ ಉಳಿದಿರುವುದಿಲ್ಲ."

"ಇದು ಇರ್ಲೇಬೇಕಾ?" ಎಂದು ಕೇಳಿದೆ.

"ಸಂಬಂಧ ಇದೆ ಅಂದ್ರೆ ಖರ್ಚು ಬರಲ್ಲ. ಇಲ್ಲ ಅಂದ್ರೆ ಬರತ್ತೆ. ಸಂಬಂಧ ಇದೆ ಅಂದ್ರೆ..." ಎರಡನೇ ಸಲ ಕೂಗುವ ಮೊದಲೇ ಪೆನ್ನು ತೆಗೆದುಕೊಂಡೆ. ಇದರ ಪ್ರತಿ ಅವಳಿಗೂ ಹೋಗುತ್ತದಂತೆ. ಹೋಗಲಿ.

ಫೆಬ್ರವರಿ ೨೮, ಶುಕ್ರವಾರ

ಇವತ್ತು ಟೀಚರಮ್ಮ ಬಂದಿದ್ದರು. ರಿಟೈರಾಗಿ ಬಹಳ ಕಾಲವಾಯಿತು, ಆದರೂ ಎದುರಿಗೆ ಬಂದರೆ ನಾನು ಮಷೀನು ನಿಲ್ಲಿಸಿ ಎದ್ದು ನಿಲ್ಲುತ್ತೇನೆ. ಅಮ್ಮನ ಕಾಲದಿಂದ ನಮ್ಮ ಗಿರಾಕಿ. ಬಂದವರೇ ಚೀಲದಿಂದ ಎರಡು ಅಂಗಿ ತೆಗೆದು ಮೇಜಿನ ಮೇಲೆ ಹರಡಿದರು. ಒಂದು ನಾವು ಈ ತಿಂಗಳು ಹೊಲಿದದ್ದು. ಇನ್ನೊಂದು ವಾದಿಯ ಹೊಸ ಅಂಗಡಿಯದ್ದು. ಅಂಚೆ ಕಚೇರಿಯ ಹಿಂದಿನ ಬೀದಿಯಲ್ಲಿ ಒಂದು ಕೋಣೆ ಹಿಡಿದಿದ್ದಾಳಂತೆ, ಹೊಲಿಯಲು ಒಬ್ಬ ಹುಡುಗಿಯನ್ನು ಇಟ್ಟುಕೊಂಡಿದ್ದಾಳಂತೆ.

"ನಿಮ್ಮಿಬ್ಬರ ಕೇಸಿನ ಖರ್ಚು ಯಾರು ಕೊಡ್ತಾರೋ ನಂಗೊತ್ತಿಲ್ಲ. ನನ್ನ ಬಟ್ಟೆ ಖರ್ಚು ಯಾರು ಕೊಡ್ತೀರಿ ಹೇಳಿ" ಎಂದರು. "ಇದು ಹಾಕ್ಕೊಂಡ್ರೆ ಉಸಿರು ಬಿಡಕ್ಕಾಗಲ್ಲ. ಅದು ಹಾಕ್ಕೊಂಡ್ರೆ ಒಳಗೆ ಇನ್ನೊಬ್ಬರನ್ನ ಸೇರಿಸ್ಕೋಬಹುದು. ಮೂವತ್ತು ವರ್ಷ ಸರಿಯಾಗಿ ಹೊಲೀತಿದ್ರಲ್ಲ, ಏನಾಯ್ತು ನಿಮಗೆ?"

ಮಾಸ್ಟರು ಮೂಲೆಯಲ್ಲಿ ಬಾಯಿ ಮುಚ್ಚಿ ನಗುತ್ತಿದ್ದ.

"ನಾನು ಅವಳನ್ನೂ ಕೇಳ್ದೆ. ಏನಂದ್ಲು ಗೊತ್ತಾ? 'ಗುಂಡಿ ಯಾವಾಗ್ಲೂ ಗೆರೆಗಿಂತ ಅರ್ಧ ಇಂಚು ಒಳಗೆ ಹಿಡಿದು ಹೊಲೀತಾಳೆ ಟೀಚರ್, ಚಿಕ್ಕಂದಿನಿಂದ ಅವಳ ಕೈ ಹಾಗೇ. ಅದಕ್ಕೇ ನಾನು ಕತ್ತರಿಸುವಾಗ ಅರ್ಧ ಇಂಚು ಜಾಸ್ತಿ ಬಿಡ್ತೀನಿ. ಈ ಹುಡುಗಿ ಗೆರೆ ಮೇಲೇ ಹೊಲೀತಾಳೆ, ನನ್ನ ಕೈ ಇನ್ನೂ ಬಿಡತ್ತೆ' ಅಂದ್ಲು."

ಗುಂಡಿ ಅಂದರೆ ನಾನು. ಮೇಜಿನ ಕೆಳಗೆ ಕೂತು ಬಿದ್ದ ಗುಂಡಿ ಹೆಕ್ಕುತ್ತಿದ್ದ ವಯಸ್ಸಿನಿಂದ ಆ ಹೆಸರು. ಆ ಹೆಸರಿನಿಂದ ಯಾರೂ ಕರೆಯದೆ ಮೂರು ವರ್ಷವಾಯಿತು.

ಏನು ಸುಳ್ಳು! ಅವಳು ಯಾವಾಗಲೂ ಅರ್ಧ ಇಂಚು ಜಾಸ್ತಿ ಕತ್ತರಿಸುತ್ತಾಳೆ, ದೊಗಳೆಯಾಗಬಾರದು ಎಂದು ನಾನು ಒಳಗೆ ಹಿಡಿಯುತ್ತಿದ್ದೆ. ಅವಳ ತಪ್ಪನ್ನು ಮೂವತ್ತು ವರ್ಷ ಮುಚ್ಚಿದವಳು ನಾನು. ಟೀಚರಮ್ಮನಿಗೆ ಹಾಗೇ ಹೇಳಿದೆ. ಅವರು ಎರಡೂ ಅಂಗಿಯನ್ನು ಮಡಿಸಿ ಚೀಲಕ್ಕೆ ಹಾಕಿಕೊಂಡರು. ಆಮೇಲೆ, ಜನವರಿಯಲ್ಲಿ ಕೊಟ್ಟ ನನ್ನ ಕೋಟು ಎಲ್ಲಿ ಎಂದು ಕೇಳಿದರು. ಸ್ಟೂಲಿನ ಮೇಲೆ ಬಿದ್ದಿರುವುದು ಅದೇ.

ಮಾರ್ಚ್ ೪, ಮಂಗಳವಾರ

ಟೀಚರಮ್ಮನ ಕೋಟು ಹೊಲಿದೆ. ಗಿರಾಕಿಯ ಬಟ್ಟೆ, ಹೊಲಿಯದೆ ಇರಲಾಗುತ್ತದೆಯೇ. ಕಟ್ಟು ಬಿಚ್ಚಿದರೆ ಚಾಕಿನ ಗೆರೆ ಇನ್ನೂ ಅಳಿಸಿರಲಿಲ್ಲ. ತೋಳಿನ ಹತ್ತಿರ ಅವಳು ಹಾಕುವ ಗುರುತು, ಒಂದು ಸಣ್ಣ ಬಾಲದ ಹಾಗಿನದ್ದು. ಅದನ್ನು ನೋಡಿದರೆ ಇಲ್ಲಿ ಸ್ವಲ್ಪ ಸಡಿಲ ಬಿಡು ಎಂದು ಅರ್ಥ, ಬೇರೆಯವರಿಗೆ ತಿಳಿಯುವುದಿಲ್ಲ. ಮಾತು ಬಿಟ್ಟ ಮೂರು ವರ್ಷವೂ ಆ ಬಾಲ ಹಾಕುತ್ತಲೇ ಇದ್ದಳು, ನಾನೂ ಸಡಿಲ ಬಿಡುತ್ತಲೇ ಇದ್ದೆ.

ಮಷೀನು ಓಡಿದ್ದೇ ತಿಳಿಯಲಿಲ್ಲ. ಕೈ ತಾನಾಗಿ ಅರ್ಧ ಇಂಚು ಒಳಗೆ ಹೋಯಿತು. ಮಧ್ಯಾಹ್ನ ಊಟಕ್ಕೂ ಏಳಲಿಲ್ಲ.

ಮಾರ್ಚ್ ೫, ಬುಧವಾರ

ಕೋಟು ಹೇಳಿ ಮಾಡಿಸಿದ ಹಾಗೆ ಕೂತಿತು. ಟೀಚರಮ್ಮ ಕನ್ನಡಿಯ ಮುಂದೆ ಆ ಕಡೆ ಈ ಕಡೆ ತಿರುಗಿದರು. "ಇದು ಯಾರು ಹೊಲಿದಿದ್ದು?" ಎಂದರು. "ನಾವು" ಎಂದೆ.

ಮಾರ್ಚ್ ೭, ಶುಕ್ರವಾರ

ಯಾವುದು ಮೊದಲು? ಅವಳು ಬಿಟ್ಟದ್ದಕ್ಕೆ ನಾನು ಒಳಗೆ ಹಿಡಿದೆನೋ, ನಾನು ಹಿಡಿಯುತ್ತೇನೆ ಎಂದು ಅವಳು ಬಿಟ್ಟಳೋ? ಅಮ್ಮ ಇದ್ದಿದ್ದರೆ ಹೇಳುತ್ತಿದ್ದಳು. ಕೇಳಬೇಕೆಂದರೆ ಈಗ ಇನ್ನೊಬ್ಬಳು ಮಾತ್ರ ಇದ್ದಾಳೆ, ಅಂಚೆ ಕಚೇರಿಯ ಹಿಂದೆ. ಇವತ್ತು ಬೇರೆ ಕೆಲಸಕ್ಕೆ ಅಂಚೆ ಕಚೇರಿಗೆ ಹೋಗಿದ್ದೆ. ಬರುವಾಗ ಹಿಂದಿನ ಬೀದಿಯಿಂದಲೇ ಬಂದೆ, ಹತ್ತಿರವಾಗುತ್ತದೆ. ಬಾಗಿಲು ತೆರೆದಿತ್ತು. ಅಕ್ಕ ಬೆನ್ನು ಹಾಕಿ ಕತ್ತರಿಸುತ್ತಿದ್ದಳು. ಬೆಳಕು ಸಾಲದು ಆ ಕೋಣೆಯಲ್ಲಿ, ಕಣ್ಣು ಹೋಗುತ್ತದೆ. ನಿಲ್ಲದೆ ಬಂದೆ.

ಮನೆಗೆ ಬಂದು ನೋಡಿದರೆ ಅಂಚೆ ಕಚೇರಿಗೆ ಕೊಡಬೇಕಾಗಿದ್ದ ಕವರು ಇನ್ನೂ ಚೀಲದಲ್ಲೇ ಇತ್ತು.

ಮಾರ್ಚ್ ೧೦, ಸೋಮವಾರ

ವಕೀಲರನ್ನು ಕಂಡು, ಕೊನೆಯ ಪುಟದ ಆ ಸಾಲನ್ನು ತೆಗೆಯಬಹುದೇ ಎಂದು ಕೇಳಿದೆ.

"ಯಾವ ಸಾಲು?"

"ಅದೇ, ಸಂಬಂಧದ್ದು."

"ಅದೇ ನಮ್ಮ ಜೀವಾಳ ಅಲ್ವೇನಮ್ಮ! ಅದು ತೆಗೆದ್ರೆ ಅರ್ಜಿಯಲ್ಲಿ ಏನಿದೆ? ಅಲ್ದೆ ಕೋರ್ಟಿಗೆ ಕೊಟ್ಟಾಯ್ತು, ಅವರಿಗೆ ಪ್ರತಿ ಮುಟ್ಟಿಯೂ ಆಯ್ತು."

ಓದಿರುತ್ತಾಳೆಯೇ? ಅವಳ ವಕೀಲರೇ ಇಟ್ಟುಕೊಂಡು, ಬಾಯಲ್ಲಿ ಸ್ವಲ್ಪ ಹೇಳಿ ಬಿಟ್ಟಿರಬಹುದು. ಓದಿದ್ದರೂ ಅದು ನನ್ನ ಮಾತಲ್ಲ ಎಂದು ಅವಳಿಗೆ ತಿಳಿಯದೇ ಇರುತ್ತದೆಯೇ. "ಉಳಿದಿರುವುದಿಲ್ಲ" ಎಂದೆಲ್ಲ ನಾನು ಯಾವತ್ತು ಮಾತಾಡಿದ್ದೇನೆ? ವಕೀಲರು ಬರೆದದ್ದು ಅದು, ನಾನು ಬರೀ ರುಜು ಹಾಕಿದ್ದು.

ಮಾರ್ಚ್ ೧೨, ಬುಧವಾರ

ಎಲ್ಲವನ್ನೂ ಬರೆಯುತ್ತೇನೆ, ಇಲ್ಲದಿದ್ದರೆ ನಾಳೆ ಇದು ಹೀಗಾಗಲಿಲ್ಲ ಎಂದು ನಾನೇ ನನಗೆ ಸುಳ್ಳು ಹೇಳಿಕೊಳ್ಳುತ್ತೇನೆ.

ನಮ್ಮದು ಐದನೆಯ ಕೇಸು. ಬೆಂಚಿನಲ್ಲಿ ಜಾಗವಿರಲಿಲ್ಲ, ಗೋಡೆಗೆ ಒರಗಿ ನಿಂತಿದ್ದೆ. ಅಕ್ಕ ಆ ಕಡೆಯ ಗೋಡೆಗೆ. ಬೂದು ಬಣ್ಣದ ಹೊಸ ಕೋಟು ಹಾಕಿದ್ದಳು. ಕತ್ತರಿಸಿದ್ದು ಅವಳೇ, ನೋಡಿದರೆ ತಿಳಿಯುತ್ತದೆ. ಹೊಲಿದದ್ದು ಆ ಹುಡುಗಿ. ಎರಡೂ ಭುಜದಲ್ಲಿ ದೊಗಳೆಯಾಗಿ ಇಳಿಬಿದ್ದಿತ್ತು. ಊರಿಗೆಲ್ಲ ಬಟ್ಟೆ ಕತ್ತರಿಸುವವಳು ಬೇರೆ ಯಾರದೋ ಕೋಟು ಬೇಡಿ ತಂದು ಹಾಕಿಕೊಂಡ ಹಾಗೆ ಕಾಣುತ್ತಿದ್ದಳು.

ಕೂಗಿದರು. ನಮ್ಮ ವಕೀಲರು ಎದ್ದು ಸೋತವರು ಗೆದ್ದವರ ಖರ್ಚು ಕೊಡುವ ನಿಯಮ ಹೇಳಿದರು. ಆ ಕಡೆಯ ವಕೀಲರು ಎದ್ದು ಒಡಹುಟ್ಟಿದವರು ಎಂದರು. ನ್ಯಾಯಾಧೀಶರು ನನ್ನ ಪ್ರಮಾಣಪತ್ರದ ಕೊನೆಯ ಪುಟವನ್ನು ಓದಿ, ಮತ್ತೊಮ್ಮೆ ಓದಿ, ಪ್ರತಿವಾದಿ ಮುಂದೆ ಬರಲಿ ಎಂದರು. ಹೋದೆ. ಫ್ಯಾನಿನ ಸದ್ದು, ಹಿಂದೆ ಯಾರದೋ ಕೆಮ್ಮು. ಅವರು ಅಕ್ಕನ ಕಡೆ ಕೈ ತೋರಿಸಿ ಏನೋ ಕೇಳಿದರು. ನನಗೆ ಕೇಳಿಸಿದ್ದು ಕೊನೆಯ ಎರಡು ಶಬ್ದ ಮಾತ್ರ: "ನಿಮಗೆ ಏನಾಗ್ಬೇಕು?"

"ಖರ್ಚು ಕೊಡಿಸ್ಬೇಕು ಸ್ವಾಮಿ" ಎಂದೆ.

ಕೋರ್ಟೆಲ್ಲ ನಕ್ಕಿತು. ನ್ಯಾಯಾಧೀಶರೂ ನಕ್ಕರು, ಕೆಟ್ಟ ನಗುವಲ್ಲ.

"ಅದಲ್ಲಮ್ಮ. ಅಲ್ಲಿ ನಿಂತಿದಾರಲ್ಲ, ಅವರು. ಅವರು ನಿಮಗೆ ಏನಾಗ್ಬೇಕು?"

ವಕೀಲರು ನನ್ನ ತೋಳು ಮೆಲ್ಲಗೆ ಒತ್ತಿದರು. ಏನು ಹೇಳಬೇಕೆಂದು ನಿನ್ನೆಯೇ ಹೇಳಿಕೊಟ್ಟಿದ್ದರು. ಹುಟ್ಟಿನಿಂದ ಹೌದು, ಈಗ ಏನೂ ಇಲ್ಲ. ಅಷ್ಟೇ. ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದಿದ್ದೆ.

"ಅಕ್ಕ ಆಗ್ಬೇಕು" ಎಂದೆ.

ವಕೀಲರು ಕೈ ಬಿಟ್ಟರು. ಅವರ ಮುಖ ನೋಡುವ ಧೈರ್ಯ ಆಗಲಿಲ್ಲ. ಆದರೆ ನಿಜ ಹೇಳುತ್ತೇನೆ, ಹೋದರೆ ಹೋಗಲಿ ಖರ್ಚು ಎಂದು ಎದೆ ಹಗುರವಾಯಿತು. ಇನ್ನು ಅವರವರ ಖರ್ಚು ಅವರವರದು ಎಂದು ಬರೆಯುತ್ತಾರೆ, ಸಂಬಂಧ ಗಮನಿಸಿ ಎಂದು ಬರೆಯುತ್ತಾರೆ, ಅದರ ಮೇಲೆ ಕೋರ್ಟಿನ ಮುದ್ರೆ ಬೀಳುತ್ತದೆ. ಹೊರಗೆ ಹೋಗಿ ಚಹಾ ಕುಡಿಯೋಣ ಬಾ ಎನ್ನಬಹುದು. ಅಷ್ಟು ಹೊತ್ತಿಗೆ ಇಷ್ಟೆಲ್ಲ ಯೋಚನೆ ಮಾಡಿಬಿಟ್ಟಿದ್ದೆ.

ನ್ಯಾಯಾಧೀಶರು ಪೆನ್ನು ತೆಗೆದುಕೊಂಡು ಅಕ್ಕನ ಕಡೆ ತಿರುಗಿದರು. ಬರೆಯುವ ಮೊದಲು ಸುಮ್ಮನೆ ಕೇಳಿದ ಹಾಗೆ ಕೇಳಿದರು. "ನೀವೂ ಅದನ್ನೇ ಹೇಳ್ತಿದೀರಿ, ಅಲ್ವೇನಮ್ಮ? ಇವರು ನಿಮಗೆ ಏನಾಗ್ಬೇಕು?"

ಅಕ್ಕ ಮುಂದೆ ಬಂದಳು. ನನ್ನನ್ನು ನೋಡಲಿಲ್ಲ.

"ಏನೂ ಆಗ್ಬೇಕಿಲ್ಲ" ಎಂದಳು.

ಅವಳ ವಕೀಲರು ಕುಳಿತಲ್ಲಿಂದ ಎದ್ದೇಬಿಟ್ಟರು. ನ್ಯಾಯಾಧೀಶರು ಪೆನ್ನು ಕೆಳಗಿಟ್ಟರು. "ಹಾಗಂದ್ರೆ ಖರ್ಚು ನಿಮ್ಮ ಮೇಲೆ ಬೀಳತ್ತೆ. ಗೊತ್ತಲ್ವಾ?"

"ಗೊತ್ತು ಸ್ವಾಮಿ. ಸಂಬಂಧ ಇಲ್ಲ ಅಂತ ಅವರೇ ಬರ್ದುಕೊಟ್ಟಿದಾರೆ. ನಾನು ಓದಿದೀನಿ. ಸೋತಿದೀನಿ, ಸೋತವರು ಕೊಡೋದನ್ನ ಕೊಡ್ತೀನಿ. ಇನ್ನೊಂದು ನೆಪ ಹೇಳ್ಕೊಂಡು ಉಳಿಸ್ಕೊಳ್ಳೋದು ಬೇಡ ನಂಗೆ."

ಇಷ್ಟು ಸ್ಪಷ್ಟವಾಗಿ ಕೇಳಿಸಿತು. ಆಮೇಲೆ ಕಿವಿಯಲ್ಲಿ ಮಷೀನು ಓಡುವ ಸದ್ದು ಬಿಟ್ಟರೆ ಬೇರೇನೂ ಇಲ್ಲ. ನ್ಯಾಯಾಧೀಶರು ನನ್ನನ್ನು ಏನೋ ಕೇಳಿದರು, ತುಟಿ ಅಲ್ಲಾಡಿದ್ದು ಕಂಡೆ. ನನ್ನ ಬದಲು ವಕೀಲರು ಉತ್ತರ ಹೇಳಿದರು. ಹೊರಗೆ ಬಂದ ಮೇಲೆ ಕಿವಿಯ ಹತ್ತಿರ ಬಂದು ಎರಡು ಸಲ ಹೇಳಿದರು: "ಬಂತು! ಖರ್ಚು ಸಹಿತ ಬಂತು!" ನ್ಯಾಯಾಧೀಶರು ಕೇಳಿದ್ದು, ನೀವು ಅರ್ಜಿ ವಾಪಸು ತಗೊಳ್ತೀರಾ ಎಂದಂತೆ. ಇಲ್ಲ ಎಂದರಂತೆ ಇವರು. ಇವರನ್ನು ಬೈದು ಏನು ಪ್ರಯೋಜನ, ಅವರ ಕೆಲಸ ಅವರು ಮಾಡಿದರು.

ಮೆಟ್ಟಿಲ ಹತ್ತಿರ ಅಕ್ಕ ಸಿಕ್ಕಳು. ಅವಳ ಕೋಟಿನ ಭುಜಕ್ಕೆ ಕೈ ಹಾಕಿ ಹೊಲಿಗೆಯನ್ನು ಎರಡು ಬೆರಳಲ್ಲಿ ಹಿಡಿದೆ. ಅರ್ಧ ಇಂಚು. ಹಿಡಿದರೆ ಸರಿಯಾಗಿ ಕೂರುತ್ತಿತ್ತು.

"ಅಕ್ಕಾ, ಅದು ವಕೀಲ್ರು ಬರ್ದಿದ್ದು. ನಾನು ಬರೀ ರುಜು ಹಾಕ್ದೆ."

ಅವಳು ಆಗ ನನ್ನನ್ನು ನೋಡಿದಳು. ಕಣ್ಣಲ್ಲಿ ನೀರಿತ್ತು, ಬಾಯಲ್ಲಿ ನಗು.

"ನಾನೂ ಅದನ್ನೇ ಹೇಳಿದ್ದೆ ಕಣೇ ಗುಂಡಿ. ನೀನು ನಂಬಲಿಲ್ಲ."

ಬಿಡು ಎಂದಳು. ಬಿಟ್ಟೆ. ಭುಜ ಮತ್ತೆ ಇಳಿಬಿತ್ತು. ಮೆಟ್ಟಿಲು ಇಳಿದು ಹೋದಳು.

ಮಾರ್ಚ್ ೧೩, ಗುರುವಾರ

ಅಂಗಡಿ ತೆರೆಯಲಿಲ್ಲ.

ಮಾರ್ಚ್ ೨೬, ಬುಧವಾರ

ಮಾಸ್ಟರು ಪಾಪ ಒಳ್ಳೆಯವನು. ಗೆರೆಯ ಮೇಲೇ ಹೊಲಿಯಲು ಅವನೆದುರು ಅಭ್ಯಾಸ ಮಾಡಿದೆ. ನೆಟ್ಟಗೆ ಹೊರಟರೂ ನಾಲ್ಕು ಬೆರಳು ಹೋಗುವಷ್ಟರಲ್ಲಿ ಸೂಜಿ ಒಳಗೆ ಸರಿದಿರುತ್ತದೆ. ಬಿಚ್ಚುವುದು, ಮತ್ತೆ ಹೊಲಿಯುವುದು. ಸಂಜೆಗೆ ಅವನಿಗೇ ಕನಿಕರ ಬಂತು.

"ಹೋಗ್ಲಿ ಬಿಡಿ ಅಕ್ಕಾ. ನಾನೇ ಕತ್ತರಿಸುವಾಗ ಅರ್ಧ ಇಂಚು ಜಾಸ್ತಿ ಬಿಟ್ಬಿಡ್ತೀನಿ. ಅದೇನು ಮಹಾ."

ಬೇಡ ಎಂದೆ. ಅದು ನಿನ್ನ ಕೆಲಸ ಅಲ್ಲ ಎಂದೆ. ಸ್ವಲ್ಪ ಗಟ್ಟಿಯಾಗೇ ಹೇಳಿದೆನೇನೋ, ಅವನ ಮುಖ ಸಣ್ಣದಾಯಿತು. ಅಕ್ಕ ಎಂದು ಕರೆದದ್ದಕ್ಕೆ ಬೈದೆನೆಂದು ತಿಳಿದುಕೊಂಡು "ಸಾರಿ ಮೇಡಂ" ಎಂದ. ಅಕ್ಕ ಅಂತಲೇ ಕರಿ, ಪರವಾಗಿಲ್ಲ ಎಂದೆ.

ಮಾರ್ಚ್ ೩೦, ಭಾನುವಾರ

ಅಂಚೆ ಕಚೇರಿಯ ಹಿಂದಿನ ಬೀದಿಗೆ ಹೋದೆ. ಭಾನುವಾರ, ಬಾಗಿಲು ಹಾಕಿತ್ತು. ಭಾನುವಾರ ಎಂದು ಗೊತ್ತಿದ್ದೇ ಹೋದೆ ಎಂದು ಕಾಣುತ್ತದೆ.

ಏಪ್ರಿಲ್ ೭, ಸೋಮವಾರ

ವಕೀಲರು ಫೋನು ಮಾಡಿದ್ದರು. ಖರ್ಚಿನ ಹಣವನ್ನು ಅಕ್ಕ ಕೋರ್ಟಿಗೆ ಕಟ್ಟಿದ್ದಾಳೆ. ಗಡುವಿಗೆ ಮೊದಲೇ, ಪೂರ್ತಿ. ನಾನು ಹೋಗಿ ರುಜು ಹಾಕಿ ತೆಗೆದುಕೊಳ್ಳಬೇಕು.

"ತಗೊಂಡ್ರೆ ಏನಾಗತ್ತೆ?" ಎಂದೆ.

"ಏನಾಗತ್ತೆ ಅಂದ್ರೆ? ಮುಗೀತಲ್ಲ. ಫೈಲು ಮುಚ್ಚಿ ಕೆಳಗಿನ ಕೋಣೆಗೆ ಹಾಕ್ತಾರೆ."

"ತಗೊಳ್ದಿದ್ರೆ?"

"ಸುಮ್ನೆ ಅಲ್ಲೇ ಬಿದ್ದಿರತ್ತೆ. ಯಾಕಮ್ಮ ತಗೊಳ್ಳಲ್ಲ?" ಎಂದರು. ಆಮೇಲೆ ಕೂಗಿ ಮತ್ತೊಮ್ಮೆ ಕೇಳಿದರು. ಮೊದಲ ಸಲವೇ ಕೇಳಿಸಿತ್ತು.

ಏಪ್ರಿಲ್ ೯, ಬುಧವಾರ

ಇವತ್ತು ಕೋರ್ಟಿಗೆ ಹೋದೆ. ಹಣ ಕೊಡುವ ಕಿಟಕಿ ಹಿಂಬದಿಯ ಕಟ್ಟಡದಲ್ಲಿದೆ, ಉದ್ದ ಸಾಲು. ನಿಂತಲ್ಲೇ ಆದೇಶದ ಪ್ರತಿಯನ್ನು ತೆಗೆದು ನೋಡಿದೆ. ಮೇಲೆ ಅಕ್ಕನ ಹೆಸರು, ಕೆಳಗೆ ನನ್ನ ಹೆಸರು, ನಡುವೆ "ವಿರುದ್ಧ" ಎಂದಿದೆ. ಇಬ್ಬರ ಹೆಸರಿನ ಮುಂದೆಯೂ ಇಂಥವರ ಮಗಳು ಎಂದು ಅಮ್ಮನ ಹೆಸರು. ಒಂದೇ ಹಾಳೆಯಲ್ಲಿ ನಾವು ಮೂವರೂ ಇರುವುದು ಇದೊಂದರಲ್ಲೇ ಇರಬೇಕು. ಕೊನೆಯ ಸಾಲಿನಲ್ಲಿ ನಾನು ಕೇಳಿದ ಎರಡು ಶಬ್ದ ಇವೆ. ಅಚ್ಚು ಚೆನ್ನಾಗಿ ಬಿದ್ದಿದೆ.

ಅದನ್ನೇ ನೋಡುತ್ತಾ ನನ್ನ ಸರದಿ ಬಂದದ್ದು ತಿಳಿಯಲಿಲ್ಲ. ಕಿಟಕಿಯ ಹಿಂದಿನ ಗುಮಾಸ್ತರು ನನ್ನ ಕೈಯ ಕಾಗದದ ಮೇಲೆ ಬೆರಳು ಬಡಿದು ಕೇಳಿದರು.

"ಏನಾಗ್ಬೇಕಮ್ಮ?"

"ಅಕ್ಕ ಆಗ್ಬೇಕು" ಎಂದೆ.

ಅವರು ಕನ್ನಡಕ ಹಣೆಗೆ ಏರಿಸಿ ನನ್ನನ್ನು ನೋಡಿದರು. "ಅದಲ್ಲಮ್ಮ. ಏನು ಕೆಲಸ ಆಗ್ಬೇಕಿತ್ತು ಅಂತ ಕೇಳ್ದೆ."

ಹಿಂದಿನವರು ನಕ್ಕರು. ಏನೂ ಇಲ್ಲ ಎಂದು ಹೇಳಿ, ಕಾಗದ ಮಡಿಸಿ ಚೀಲಕ್ಕೆ ಹಾಕಿಕೊಂಡು ಬಂದೆ. ಹಣ ತಂದಿಲ್ಲ. ಫೈಲು ಸದ್ಯಕ್ಕೆ ತೆರೆದೇ ಇರಲಿ, ಯಾರಿಗೆ ಏನು ತೊಂದರೆ.

ಎರಡು ಸಲ ಹೀಗಾಯಿತು, ಜನರ ಎದುರು ನಗೆಪಾಟಲು. ಈ ವಾರ ಬಿಡುವು ಮಾಡಿಕೊಂಡು ಕಿವಿ ತೋರಿಸಬೇಕು.